ಮುರಿದ ಬೋಲ್ಟುಗಳು

ಗಂಡ ಬಸವಂತನಿಂದ ಬೇರೆಯಾದಾಗ ಹಳೇ ಜೀಪು ನೀಲಾಂಬಿಕೆಯ ಪಾಲಿಗೆ ಬಂದಿತ್ತು. ಬಹಳ ದಿನಗಳ ನಂತರ ಅವಳು ಅವನಿಗೆ ಫೋನ್ ಮಾಡಿದಳು.

“ಜೀಪಿನ ಹಿಂದಿನ ಗಾಲಿಗಳ ನಡುವಿನ ಡಿಫರೆನ್ಷಿಯಲ್ ಬೋಲ್ಟ್ ಮುರಿದಾವ್ರಿ. ಹೊಸಾವು ಹೆಂಗ ಹಾಕೋದು?”

“ಮೆಕ್ಯಾನಿಕ್ ಸಿಗಲಿಲ್ಲೇನು?”

“ಈ ಗುಡ್ಡಕ್ಕ ಯಾರ್ ಬರ್ತಾರ್ರಿ?”

“ಮೊದಲು ಆಯಿಲ್ ಇಳಿಸು. ಒಳಗ ಉಳಿದ ತುಂಡು ಮೆಲ್ಲಕ ತಿರುವಿ ತೆಗಿ. ಅವಸರ ಮಾಡಬ್ಯಾಡ, ಕೈಗೆ ಪೆಟ್ಟಾದೀತು.”

“ಹೂಂ, ತೆಗದೆ.”

“ಹೊಸಾವನ್ನ ಒಮ್ಮೆಲೇ ಬಿಗಿ ಮಾಡಬ್ಯಾಡ. ಎದುರುಬದುರು ಹಿಡಕೊಂಡು ಸ್ವಲ್ಪ ಸ್ವಲ್ಪನ ಬಿಗಿ ಮಾಡಕೋತ ಹೋಗು. ಮಾಡಿದಿ?”

“ಮಾಡಾಕತ್ತೀನಿ. ನೀವು ಹೇಳ್ರಿ, ಫೋನ್ ಇಡಬ್ಯಾಡ್ರಿ.”

ಅವನು ಹೇಳುತ್ತಲೇ ಹೋದ. ಅವಳು, ಬೆಳಿಗ್ಗೆಯೇ ತಾನೇ ರಿಪೇರಿ ಮಾಡಿ ಮುಗಿಸಿದ್ದ ಜೀಪಿನ ಬಾನೆಟ್ಟಿನ ಮೇಲೆ ಕೂತು, ತೊಳೆದ ಕೈಯಲ್ಲಿ ಫೋನ್ ಹಿಡಿದು, ಕೇಳುತ್ತಿದ್ದಳು.