ಅದೇ ಚಮಚ

ನಳಿಗೆಯೊಳಗಿನ ದ್ರವ ಹಲೀನಾಳ ಕಣ್ಣೆದುರೇ ಕಡುಗೆಂಪಾಯಿತು. ಸಾಸೇಜು ಕೆಡದಂತೆ ಬೆರೆಸುವ ನೈಟ್ರೈಟ್ ಹದವಾಗಿದ್ದರೆ ಬಣ್ಣ ತಿಳಿ ಗುಲಾಬಿಗೇ ನಿಲ್ಲಬೇಕು. ಮತ್ತೆ ಮತ್ತೆ ನೀರು ಬೆರೆಸಿ ತೆಳುಮಾಡಿದಳು. ಕೆಂಪು ಇಳಿಯಲೇ ಇಲ್ಲ.

"ಈಸ್ಟರ್ ಊಟಕ್ಕೆ ಕೂತವರು ತಟ್ಟೆ ಮುಂದೇನೇ ನೀಲಿಗಟ್ಟಿದ್ರಂತೆ ಕಣೇ, ನಿಮ್ಮ ಚರ್ಚಿನವರೇ. ಅವರಲ್ಲೊಂದು ಪುಟ್ಟ ಹುಡುಗಿ ಇವತ್ತು ಬೆಳಿಗ್ಗೆ ತೀರ್ಕೊಂಡ್ಬಿಡ್ತು," ಎಂದ ಲ್ಯಾಬಿನ ಜೊತೆಗಾರ ಡೆಲ್ಬರ್ಟ್. "ಸಾಸೇಜು ಮಾಡಿದ ಮುದುಕ ಕಾಜಿಮಿರ್ ಒಂದೇ ಹಟ ಹಿಡಿದಿದಾನೆ. ಯಾವಾಗ್ಲೂ ಹಾಕೋ ಚಮಚದಲ್ಲೇ ಅಳೆದು ಹಾಕಿದೀನಿ ಅಂತಾನೆ. ಅವನ ಅಂಗಡೀಲಿ ಇದು ಸಿಕ್ತು. ಇದನ್ನೂ ನೋಡ್ಬಿಡು."

ಅವನು ಮೇಜಿನ ಮೇಲಿಟ್ಟದ್ದು ಹಲೀನಾಳ ಮನೆಯದೇ ಜಾಮ್ ಬಾಟಲಿ. ಒಳಗೆ ಬಿಳಿ ಪುಡಿ. ಹಬ್ಬದ ಮುಂಚೆ ಸಾಸೇಜಿಗೆ ಹಾಕುವ ಗುಲಾಬಿ ಉಪ್ಪು ಮಿಲ್ವಾಕಿ ಪೇಟೆಯಲ್ಲೆಲ್ಲೂ ಸಿಗದೆ ಕಾಜಿಮಿರ್ ಚರ್ಚಿನ ಮೆಟ್ಟಿಲ ಮೇಲೆ ಪೇಚಾಡುತ್ತಿದ್ದ. ಪಾಪ ಎನಿಸಿ, ಲ್ಯಾಬಿನ ಕಪಾಟಿನಿಂದ ನೈಟ್ರೈಟ್ ತುಂಬಿ ಅವಳೇ ಒಯ್ದು ಕೊಟ್ಟಿದ್ದಳು. ಮುದುಕನ ಗುಲಾಬಿ ಉಪ್ಪಿನಲ್ಲಿ ಮುಕ್ಕಾಲುಮೂರುವೀಸ ಪಾಲು ಬರೀ ಅಡುಗೆ ಉಪ್ಪು. ಉಳಿದ ಚೂರಷ್ಟೇ ನೈಟ್ರೈಟ್. ಲ್ಯಾಬಿನದ್ದರಲ್ಲಿ ಉಪ್ಪಿನ ಹರಳೂ ಇಲ್ಲ. ಆ ಒಂದು ಮಾತನ್ನು ಅವನಿಗೆ ಹೇಳಲು ಮರೆತಿದ್ದಳು.

"ನೈಟ್ರೈಟ್," ಎಂದಳು ಹಲೀನಾ. "ಅಚ್ಚ ನೈಟ್ರೈಟ್. ಉಪ್ಪು ಚೂರೂ ಬೆರೆತಿಲ್ಲ."

"ಮುಚ್ಚಳಾನೇ ತೆಗ್ದಿಲ್ವಲ್ಲೇ ಮಾರಾಯ್ತಿ, ಹೊರಗಿಂದಾನೇ ಮೂಸಿ ಹೇಳ್ತಿದೀಯಾ?"

ಡೆಲ್ಬರ್ಟನ ನಗು ಅವಳ ಮುಖ ನೋಡುವವರೆಗಷ್ಟೇ ಇತ್ತು.