ಉಳಿದದ್ದನ್ನು ಚೆಲ್ಲುವಂತಿಲ್ಲ

ಚರ್ಚಿನ ಒಳಕೋಣೆಯ ಬಾಗಿಲ ಹೊರಗೆ ತಮ್ಮನ ಹೆಜ್ಜೆ ಸಪ್ಪಳ ಕೇಳುವಷ್ಟರಲ್ಲಿ ಅಕ್ಕ ಕೆಲಸ ಮುಗಿಸಿದ್ದಳು. ಬಾಟಲಿಯ ವೈನ್ ಫ್ಲಾಸ್ಕಿಗೆ, ಮನೆಯಲ್ಲಿ ಕುದಿಸಿ ಸೋಸಿದ ದ್ರಾಕ್ಷಿಹಣ್ಣಿನ ಜ್ಯೂಸ್ ಬಾಟಲಿಗೆ. ಬಚ್ಚಲಿಗೆ ಸುರಿದರೆ ವಾಸನೆಯೇ ಗುಟ್ಟು ರಟ್ಟು ಮಾಡುತ್ತದೆ. ಫ್ಲಾಸ್ಕನ್ನು ಚೀಲಕ್ಕೆ ತುರುಕಿ, ಹಲ್ಲುನೋವಿಗೆಂದು ಇಟ್ಟುಕೊಂಡ ಲವಂಗವನ್ನು ದವಡೆಗೆ ಒತ್ತಿಕೊಂಡಳು.

ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಇದೇ ಕಸುಬು. ತಮ್ಮ ಈ ಚರ್ಚಿನ ಪಾದ್ರಿ. ಹಿಂದೆ ಮಹಾ ಕುಡುಕ. ಒಂದು ಹನಿ ಬಿದ್ದರೂ ಮತ್ತೆ ಬೀದಿಪಾಲು ಎಂದು ವೈದ್ಯರು ಎಚ್ಚರಿಸಿದ್ದರು. ಆದರೆ ಪ್ರಭುಭೋಜನದಲ್ಲಿ ಯೇಸುವಿನ ರಕ್ತವೆಂದು ಹಂಚುವ ವೈನ್, ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ, ಪಾದ್ರಿಯೇ ಕುಡಿದು ಮುಗಿಸಬೇಕು. ಬೆಕ್ಕಿನ ಮುಂದೆ ಹಾಲಿಟ್ಟು ಕಾಯುವ ಕೆಲಸ ಅಕ್ಕನ ಪಾಲಿಗೆ ಬಂತು. ತಮ್ಮನಿಗೂ ತಿಳಿಯದಂತೆ ಕಾದಳು. ಭಾನುವಾರ ಸಂಜೆ ಏಳಕ್ಕೆಲ್ಲ ಹಾಸಿಗೆ ಸೇರುವಷ್ಟು ದಣಿವು.

ಅಂದಿನ ಆರಾಧನೆಯಲ್ಲಿ ತಮ್ಮನ ಉಪದೇಶ, ಸೈತಾನನು ಯೇಸುವಿಗೆ ಆಸೆ ತೋರಿಸಿ ಶೋಧಿಸಿದ್ದರ ಬಗ್ಗೆ. ಪಾಪ ಮಾಡಲು ಆತನಿಗೆ ಸಾಧ್ಯವೇ ಇರಲಿಲ್ಲವೆಂದರೆ ಆ ಗೆಲುವಿಗೆ ಏನು ಬೆಲೆ ಎಂದು ತಮ್ಮ ಕೇಳಿದ. ಹಸಿವು ನಿಜವಾಗಿತ್ತು, ರೊಟ್ಟಿಯಾಗಿಸಬಹುದಾದ ಕಲ್ಲೂ ಕೈಗೆಟುಕುವಂತಿತ್ತು, ಬೇಡವೆಂದದ್ದು ಆತನೇ ಎಂದು ಉತ್ತರವನ್ನೂ ಕೊಟ್ಟ. ಕೊನೆಯ ಬೆಂಚಿನಲ್ಲಿ ಅಕ್ಕ ಮರಗಟ್ಟಿ ಕೂತಿದ್ದಳು. ಹಾಗಾದರೆ ತಮ್ಮನ ಗೆಲುವನ್ನು ತಾನೇ ಕದ್ದಂತಾಯಿತು.

ಆರಾಧನೆ ಮುಗಿದ ಮೇಲೆ ಒಳಕೋಣೆಯಲ್ಲಿ, ವೈನ್ ತೆಗೆದು ಜ್ಯೂಸ್ ತುಂಬುತ್ತಿದ್ದುದನ್ನು ಹೇಳಿಬಿಟ್ಟಳು. ಇಂಥ ಹೊತ್ತಿನಲ್ಲಿ ಅಳು ಬರಬೇಕಿತ್ತು. ಬರಲಿಲ್ಲ. ಇತ್ತೀಚೆಗೆ ಅವಳಿಗೆ ಯಾವುದೂ ತಟ್ಟುತ್ತಿರಲಿಲ್ಲ.

ತಮ್ಮ ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಮೊದಲನೇ ವಾರವೇ ಗೊತ್ತಾಯ್ತು. ಅಷ್ಟು ವರ್ಷ ಕುಡಿದ ನಾಲಿಗೆ ಇದು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನು ಕಾದಿದ್ದು ಭಾನುವಾರ ಮಾತ್ರ. ಉಳಿದ ಆರು ದಿನ ಅಂಗಡಿ ತೆರೆದೇ ಇತ್ತು. ನಾನೇ ಹೋಗ್ಲಿಲ್ಲ."

ಅಂದರೆ ಅವನು ತಾನಾಗಿಯೇ ಗೆದ್ದಿದ್ದ. ಹನ್ನೊಂದು ವರ್ಷದ ಹೊರೆ ಇಳಿಯಿತು ಎಂದುಕೊಂಡು ಅಕ್ಕ ಚೀಲವನ್ನು ಹೆಗಲಿಗೇರಿಸಿದಳು. ತಮ್ಮ ಪಾತ್ರೆಯನ್ನು ಕೆಳಗಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತ.

"ಆ ವೈನ್ ಯಾರು ಕುಡೀತಿದ್ರು ಅನ್ನೋದೂ ನಂಗೆ ಗೊತ್ತಿತ್ತು ಅಕ್ಕಾ. ನನ್ನನ್ನ ನೀನು ಕಾದೆ, ನಿನ್ನನ್ನ ನಾನು ಕಾಯಲಿಲ್ಲ."