ಟವೆಲ್ಲಿನ ಕೆಳಗೆ ಕೈರೋ

ವಿಮಾನವನ್ನು ಆಕಾಶದಲ್ಲಷ್ಟೇ ಕಂಡವರು ವಿಮಾನದ ಟಿಕೆಟ್ಟಿನ ಕಥೆ ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ಎಲ್ಲಾದರೂ ತಪ್ಪಿದ್ದರೆ ಅದು ಹೇಳಿದವರದು, ಶಿದ್ರಾಮನದಲ್ಲ. ಸಾಂಗಲಿ ಪಕ್ಕದ ಮಾಧವನಗರದಲ್ಲಿ ಪೂನಮಳ ಆನ್‌ಲೈನ್ ಸೆಂಟರಿನೊಳಗೆ, ಬೆಳಗಿನ ಹನ್ನೊಂದರ ಹೊತ್ತಿಗೆ, ಮುಂಬೈಯಿಂದ ಕೈರೋಗೆ ಹೋಗಿಬರುವ ಟಿಕೆಟ್ಟು ಅವನ ಕಣ್ಣೆದುರೇ ಮೂವತ್ತೆಂಟು ಸಾವಿರದಿಂದ ನಲವತ್ತೊಂದಕ್ಕೆ ಜಿಗಿಯಿತು.

“ಈಗರ ಮೂವತ್ತೆಂಟ ಇತ್ತಲ್ಲವಾ!”

“ನಾ ಏನ ಮಾಡ್ಲಿ ಕಾಕಾ? ನೋಡಿದಷ್ಟ ಏರತೈತಿ ಇದು,” ಎಂದು ಪೂನಮ ಫೋನಿನ ಮೇಲೆ ಮತ್ತೊಮ್ಮೆ ಬೆರಳೆಳೆದಳು. ನಲವತ್ಮೂರು.

ಹಿಂದಿನ ಬೆಂಚಿನಲ್ಲಿ ಕಾವಲು ಕೂತಂತೆ ಕೂತಿದ್ದ ಅವನ ಹೆಂಡತಿ ಅಂಜನಾಬಾಯಿ ಎದ್ದೇಬಿಟ್ಟಳು. “ಮಾತಂದ್ರ ಮಾತರಿ. ನಲವತ್ತರ ಒಳಗಾದ್ರ ಹೋಗ್ರಿ ಅಂದಿದ್ದೆ. ದಾಟೇತಿ. ಏಳ್ರಿ ಮನಿಗೆ. ಮಿರಜಕ್ಕ ಹೋದ್ರ ಪಂಢರಪುರದ ಗಾಡಿ ಸಿಗತೈತಿ, ಅಲ್ಲಿಗೆ ಹೋಗಿ ಬರ್ರಿ.”

ಶಿದ್ರಾಮ ಏಳಲಿಲ್ಲ. ಸಾಂಗಲಿಯ ಅರಿಶಿನ ಪೇಟೆಯಲ್ಲಿ ನಲವತ್ತು ವರ್ಷ ಚೀಲ ಹೊತ್ತ ಹಮಾಲ ಅವನು, ಓದಲು ಬಾರದು. ಆದರೆ ಕೆಲವು ಚೀಲಗಳ ಮೇಲೆ ಕರಿಬಣ್ಣದಲ್ಲಿ ಯಾವಾಗಲೂ ಅದೇ ಇಂಗ್ಲಿಷ್ ಹೆಸರು ಅಚ್ಚಾಗಿರುತ್ತಿತ್ತು: ಮೊದಲಿನ ಅಕ್ಷರ ಅರ್ಧ ಚಂದ್ರ, ಕಡೆಯದು ಪೂರ್ಣ ಚಂದ್ರ. ಕೆಲಸ ಬಿಟ್ಟ ಮೇಲೆ ಅದನ್ನು ಕಾಗದದ ಮೇಲೆ ಚಿತ್ರದಂತೆ ಬರೆದು ಪೂನಮಳಿಗೆ ತೋರಿಸಿದ್ದ. ಅದು ಕೈರೋ, ಸಾವಿರ ವರ್ಷದ ಊರು, ಊರಾಚೆಯ ಮರಳಿನಲ್ಲಿ ನಾಲ್ಕೂವರೆ ಸಾವಿರ ವರ್ಷದ ಕಲ್ಲಿನ ಗುಡ್ಡಗಳಿವೆ ಎಂದು ಪೂನಮಳೇ ಹೇಳಿದ್ದಳು. ಆ ಗುಡ್ಡಗಳ ಫೋಟೋವನ್ನು ಬಹಳ ಹೊತ್ತು ನೋಡಿ, “ಇವನ್ನೂ ಹಮಾಲರ ಏರಸಿರಬೇಕು” ಎಂದಿದ್ದ. ಅವನ ಪಾಳಿಯ ಹಮಾಲರಲ್ಲಿ ಒಂದು ರೂಢಿಯಿತ್ತು. ದಿನದ ಕೊನೆಯ ಚೀಲವನ್ನು ಎತ್ತಿಕೊಟ್ಟವನೂ ಇಳಿಸಿಕೊಂಡವನೂ ಒಂದೇ ಚಹಾ ಹಂಚಿಕೊಳ್ಳಬೇಕು; ಕಪ್ಪು ಒಬ್ಬನಿಗೆ, ಅದರ ಕೆಳಗಿನ ತಟ್ಟೆ, ಬಶಿ, ಇನ್ನೊಬ್ಬನಿಗೆ. ಇಲ್ಲದಿದ್ದರೆ ಭಾರ ಬೆನ್ನಿನ ಮೇಲೇ ಉಳಿಯುತ್ತದೆ. ತಾನು ಎತ್ತಿಕೊಟ್ಟ ಚೀಲಗಳನ್ನು ಕೈರೋದಲ್ಲಿ ಇಳಿಸಿಕೊಂಡವನ ಮುಖವನ್ನು ಶಿದ್ರಾಮ ಕಂಡೇ ಇರಲಿಲ್ಲ.

“ನಲವತ್ತು ವರ್ಷದ ಚಾ ಉಳದೈತಿ,” ಎಂದ.

“ಹೂಂ, ಆ ಮನಶ್ಯಾ ಇನ್ನೂ ಬಶಿ ಹಿಡಕೊಂಡು ಕುಂತಾನ ನೋಡ್ರಿ, ನಿಮ್ಮ ದಾರಿ ಕಾಯ್ಕೋತ!”

ಶಿದ್ರಾಮ ಪೂನಮಳ ಕಡೆ ತಿರುಗಿದ. “ತಪ್ಪು ನಿಂದವ್ವ. ಹಸದ ಕೂಸಿನಂಗ ನೋಡಾಕತ್ತಿ ಅದನ್ನ. ಬೇಕು ಅನ್ನೂದು ಮಾರಿ ಮ್ಯಾಲ ಕಂಡ್ರ ಯಾರರ ದರ ಇಳಸ್ತಾರೇನು?” ಹೆಗಲ ಮೇಲಿನ ಟವೆಲ್ಲು ತೆಗೆದು ಫೋನಿಗೆ ಹೊದಿಸಿಯೇ ಬಿಟ್ಟ. ಅವನು ಪೇಟೆ ಸೇರಿದ ಹೊಸದರಲ್ಲಿ ಅರಿಶಿನದ ದರ ಕುದುರುತ್ತಿದ್ದುದು ಹಾಗೆಯೇ. ಟವೆಲ್ಲಿನ ಕೆಳಗೆ ಮಾರುವವನ ಕೈ, ಕೊಳ್ಳುವವನ ಕೈ; ಬೆರಳು ಹಿಡಿದರೆ ಬೆಲೆ, ಒತ್ತಿದರೆ ಒಪ್ಪಿಗೆ. ಮೇಲೆ ಇಬ್ಬರೂ ಮಳೆಬೆಳೆಯ ಮಾತಾಡುತ್ತಿದ್ದರು.

“ಕಾಕಾ, ಅದು ಮಶೀನ್. ಅದಕ್ಕ ನನ್ನ ಮಾರಿ ಎಲ್ಲಿ ಕಾಣತೈತಿ?”

“ನೋಡಿದಷ್ಟ ಏರತೈತಿ ಅಂದಾಕಿ ನೀನ!”

ಪೂನಮ ಎದುರಿನ ಹೋಟೆಲಿನಿಂದ ಚಹಾ ತರಿಸಿದಳು. ಶಿದ್ರಾಮ ಟವೆಲ್ಲಿಗೆ ಕೇಳಿಸುವಂತೆ ಗಟ್ಟಿಯಾಗಿ ಮಾತಾಡತೊಡಗಿದ. “ಹರಿಪುರದಾಗ ಹೊಳಿ ಏರೇತಂತ... ಬ್ಯಾಡ ಬಿಡವಾ ಆ ಕೈರೋ. ನಮಗ ಪಂಢರಪುರನ ಬೇಸಿ.” ಅಂಜನಾಬಾಯಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಿದ್ದವಳು, ಗಂಡ ಅರ್ಧ ಚಹಾವನ್ನು ಬಶಿಗೆ ಸುರಿದು ಟವೆಲ್ಲಿನ ಪಕ್ಕಕ್ಕಿಟ್ಟಿದ್ದನ್ನು ಕಂಡಳು. ಮುಂದೆ ಬಂದು ಟವೆಲ್ಲಿನ ಮೇಲೆ ಬಾಗಿ, ಅವನಿಗಿಂತಲೂ ದೊಡ್ಡ ದನಿಯಲ್ಲಿ, “ಖರೇನರಿ, ಯಾರಿಗೆ ಬೇಕಾಗೇತಿ ಆ ಊರು!” ಎಂದಳು.

ಪೂನಮ ಟವೆಲ್ಲಿನ ಅಂಚೆತ್ತಿ, ಬೆರಳೆಳೆದು ಇಣುಕಿದಳು. ಮೂವತ್ತಾರು ಸಾವಿರದ ಎಂಟುನೂರು.

“ಅಗ ಬಾಯಿ!” ಎಂದು ಮರಾಠಿಯಲ್ಲೇ ಕೂಗಿದವಳು, ಶಿದ್ರಾಮನ ಕಣ್ಸನ್ನೆಗೆ ದನಿ ತಗ್ಗಿಸಿದಳು. “ಆದ್ರ ಕಾಕಾ, ನಡುವ ಒಂದ ಕಡೆ ಹನ್ನೊಂದ ತಾಸ ಕುಂದರಬೇಕು. ಮತ್ತ ಸಾಮಾನು ಏಳ ಕಿಲೋ ಅಷ್ಟ.”

“ಏಳ ಕಿಲೋ?” ನೂರು ಕಿಲೋ ಹೊತ್ತ ಬೆನ್ನು ನೆಟ್ಟಗಾಯಿತು. “ಅಷ್ಟ ದೂರಕ್ಕ ಬರೇ ಏಳ ಕಿಲೋ? ಅದರಾಗ ಒಂದ ಕಪ್ಪು-ಬಶಿ ಹಿಡಸ್ತಾವೇನವಾ?”

“ಹಿಡಸ್ತಾವ, ಕಾಕಾ.”

ಹೆಸರು, ಪಾಸ್‌ಪೋರ್ಟಿನ ನಂಬರು ಎಲ್ಲ ತುಂಬಿಯಾಯಿತು. ಹಣ ಕಟ್ಟುವ ಕೊನೆಯ ಬಟನ್ ಒಂದೇ ಉಳಿದಿತ್ತು. ಶಿದ್ರಾಮ ಟವೆಲ್ಲನ್ನು ಮತ್ತೆ ಎಳೆದು ಹೊದಿಸಿದ. ವ್ಯವಹಾರ ಮುಗಿಯುವುದಿದ್ದರೆ ಅದರ ಕೆಳಗೇ ಮುಗಿಯಬೇಕು. ಪೂನಮ ಅವನ ಬೆರಳು ಹಿಡಿದು ಜಾಗ ತೋರಿಸಿದಳು. ಉಗುರಿನ ಸಂದಿನ ಅರಿಶಿನ ಇನ್ನೂ ಹೋಗಿರಲಿಲ್ಲ. ಒತ್ತಿದ.

ಒಳಗೆ ಫೋನು ಒಮ್ಮೆ ಅದುರಿತು. ಶಿದ್ರಾಮನ ಕೈ ಹಾಗೇ ನಿಂತಿತು.

“ಆ ಕಡಿಂದ ಅಂವಾ ಒತ್ತಿದ,” ಎಂದು ಪಿಸುಗುಟ್ಟಿದ.

ಹಣ ಹೋದಾಗ ಫೋನು ಅದುರುತ್ತದೆ ಎಂದು ಹೇಳಲು ಪೂನಮ ಬಾಯಿ ತೆರೆದಳು. ಅಂಜನಾಬಾಯಿ ಅವಳ ಮುಂಗೈಯನ್ನು ಮೆಲ್ಲಗೆ ಅದುಮಿದಳು. ಶಿದ್ರಾಮ ಬಹಳ ಹೊತ್ತು ಟವೆಲ್ಲಿನ ಕೆಳಗಿಂದ ಕೈ ತೆಗೆಯಲಿಲ್ಲ.

ದರ ಯಾಕೆ ಇಳಿಯಿತೋ ಗೊತ್ತಿಲ್ಲ. ಕೈರೋದಲ್ಲಿ ಬಶಿ ಹಿಡಿಯಲು ಯಾರಾದರೂ ಇದ್ದಾರೋ, ಅದೂ ಗೊತ್ತಿಲ್ಲ.